ಎತ್ತಿ ನಿಲ್ಲಿಸಿದ ವಾಹನಕ್ಕೆ ಮರದ ಆನಿಕೆ: ಬಲ ಮತ್ತು ಸ್ಥಿರತೆಯ ವಿಚಾರ

ಪೀಠಿಕೆ

ಚಕ್ರವೊಂದನ್ನು ಕಳಚಿ ಜಾಕಿನ ಮೇಲೆ ನಿಲ್ಲಿಸಿದ ಮೋಟಾರು ಕಾರಿನ ಕೆಳಗೆ, ಕಾಲುಗಳನ್ನಷ್ಟೇ ಹೊರಚಾಚಿ ಮಲಗಿ ಕೆಲಸಮಾಡುತ್ತಿರುವ ಮನುಷ್ಯನನ್ನು ನಾವೆಲ್ಲರೂ ಒಂದಲ್ಲ ಒಂದು ದಿನ ರಸ್ತೆಯ ಬದಿಯಲ್ಲಿ ಕಂಡಿರುತ್ತೇವೆ. ಆತನ ಎದೆಗೂ ನೂರಾರು ಕಿಲೋಗ್ರಾಂ ಉಕ್ಕಿಗೂ ನಡುವೆ ಇರುವ ಆಧಾರ ಅಂಗೈಯಗಲದ ಒಂದು ಲೋಹದ ತಲೆ ಮಾತ್ರ. ಅದು ಒಂದೆರಡು ಅಂಗುಲ ಜಾರಿದರೂ ಆತನಿಗೆ ಹೊರಳಿಕೊಳ್ಳುವಷ್ಟು ಅವಕಾಶವಿರುವುದಿಲ್ಲ. ಇಂತಹ ಅಪಘಾತಗಳನ್ನು ದೈವದ ಮೇಲೆ ಹೊರಿಸಿ ಸುಮ್ಮನಾಗುವುದು ವಾಡಿಕೆ. ಆದರೆ ಇವುಗಳ ಹಿಂದೆ ಇರುವ ಕಾರಣಗಳು ಪ್ರಥಮ ವರ್ಷದ ಯಂತ್ರಶಾಸ್ತ್ರದಲ್ಲಿಯೇ ನಾವು ಬೋಧಿಸುವ ಭಾರ, ಘರ್ಷಣೆ ಮತ್ತು ಸಮತೋಲಗಳ ಸರಳ ನಿಯಮಗಳಾಗಿವೆ.

ಎತ್ತಿದ ವಾಹನವನ್ನು ಹೊತ್ತು ನಿಲ್ಲುವ ಸಾಧನವನ್ನು ವರ್ಕ್‌ಷಾಪುಗಳಲ್ಲಿ ಜಾಕ್ ಸ್ಟ್ಯಾಂಡು ಎನ್ನುವರು. ಪ್ರಸ್ತುತ ಲೇಖನದಲ್ಲಿ ಅದನ್ನು ಆನಿಕೆಯೆಂದು ಕರೆಯುತ್ತೇವೆ. ಇಂತಹ ಆನಿಕೆಯನ್ನು ಮರದಿಂದ ಮನೆಯಲ್ಲಿಯೇ ಕಟ್ಟಿಕೊಳ್ಳುವುದು ಹೇಗೆ, ಅದು ಎಷ್ಟು ಭಾರವನ್ನು ಹೊರಬಲ್ಲುದು, ಮತ್ತು ಅದು ಕೈಕೊಡುವುದಾದರೆ ಯಾವ ಬಗೆಯಲ್ಲಿ ಕೈಕೊಡುವುದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗುವುದು. ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂಬುದನ್ನು ಮುಂದಿನ ಲೆಕ್ಕಾಚಾರ ತೋರಿಸುವುದೆಂದು ನಂಬಿದ್ದೇವೆ.

ಎತ್ತುವುದು ಬೇರೆ, ಹೊರುವುದು ಬೇರೆ

ಜಾಕು ಭಾರವನ್ನು ಎತ್ತುವ ಯಂತ್ರ. ಕಾರಿನೊಡನೆ ಬರುವ ಸ್ಕ್ರೂ ಜಾಕು, ಚಕ್ರವನ್ನು ಬದಲಾಯಿಸಲು ಬೇಕಾಗುವ ಕೆಲವು ನಿಮಿಷಗಳ ಮಟ್ಟಿಗೆಂದು ರೂಪಿತವಾದುದು. ಅದರ ಪಾದ ಕಿರಿದು, ನಿಲುವು ಎತ್ತರ. ಹೈಡ್ರಾಲಿಕ್ ಜಾಕಿನಲ್ಲಿ ಭಾರವನ್ನು ಹೊತ್ತಿರುವುದು ಎಣ್ಣೆ. ಆ ಎಣ್ಣೆಯನ್ನು ತಡೆದಿಟ್ಟಿರುವುದು ಒಂದು ಸೀಲು ಮತ್ತು ಒಂದು ಕವಾಟ. ಸೀಲು ಸವೆದರೆ ವಾಹನ ಮೆಲ್ಲಮೆಲ್ಲನೆ ಇಳಿಯುವುದು. ಕವಾಟ ಸಡಿಲವಾದರೆ ಒಮ್ಮೆಗೇ ಇಳಿಯುವುದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯುಂಟು. ಕಾರಿನ ಮುಂಭಾಗವನ್ನು ಎತ್ತಿದಾಗ ಅದು ನೆಟ್ಟಗೆ ಮೇಲೇರುವುದಿಲ್ಲ. ನೆಲದ ಮೇಲಿರುವ ಹಿಂದಿನ ಚಕ್ರಗಳನ್ನು ಆಧರಿಸಿ ಕಂಸದಲ್ಲಿ ಏರುತ್ತದೆ. ತತ್ಫಲವಾಗಿ ಎತ್ತುವ ಬಿಂದು ಮೇಲಕ್ಕೆ ಚಲಿಸಿದಂತೆಲ್ಲ ಅಡ್ಡಲಾಗಿಯೂ ಕೊಂಚ ಚಲಿಸುತ್ತದೆ. ಗಾಲಿಗಳಿರುವ ಟ್ರಾಲಿ ಜಾಕು ತಾನೂ ಉರುಳಿ ಈ ಚಲನೆಗೆ ಹೊಂದಿಕೊಳ್ಳುವುದು. ನೆಲಕ್ಕೆ ಊರಿದ ಸ್ಕ್ರೂ ಜಾಕು ಹಾಗೆ ಹೊಂದಿಕೊಳ್ಳಲಾರದೆ ಓರೆಯಾಗುವುದು. ಓರೆಯಾದ ಜಾಕಿನ ಮೇಲೆ ನಿಂತಿರುವ ಕಾರನ್ನು ಸಣ್ಣದೊಂದು ಜಗ್ಗಾಟವೂ ಕೆಡಹಬಲ್ಲುದು. ಆದುದರಿಂದ, ಜಾಕು ಎತ್ತಲಿ, ಆನಿಕೆ ಹೊರಲಿ ಎಂಬುದೇ ಮೊದಲ ಸೂತ್ರ.

ಉಕ್ಕಿನ ಆನಿಕೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಚೆನ್ನಾಗಿ ತಯಾರಾದ ಉಕ್ಕಿನ ಆನಿಕೆ ನಂಬಲರ್ಹವಾದ ಸಾಧನವೇ ಸರಿ. ಆದರೆ ಅವುಗಳಲ್ಲಿ ಎತ್ತರವನ್ನು ಹೊಂದಿಸಲು ಹಲ್ಲುಗಳೂ ಹಲ್ಲಿಗೆ ಸಿಕ್ಕುವ ಕೊಕ್ಕೆಯೂ ಇರುತ್ತವೆ. ಕೊಕ್ಕೆ ಹಲ್ಲಿನೊಳಗೆ ಪೂರ್ಣವಾಗಿ ಕೂತಿದೆಯೇ ಎಂಬುದು ಹೊರಗಿನಿಂದ ಸುಲಭವಾಗಿ ತಿಳಿಯದು. ಅಮೆರಿಕದಲ್ಲಿ 2020ರಲ್ಲಿ ಲಕ್ಷಗಟ್ಟಲೆ 3 ಟನ್ ಮತ್ತು 6 ಟನ್ ಸಾಮರ್ಥ್ಯದ ಉಕ್ಕಿನ ಆನಿಕೆಗಳನ್ನು ಈ ದೋಷಕ್ಕಾಗಿಯೇ ಗ್ರಾಹಕರಿಂದ ಹಿಂದಕ್ಕೆ ಪಡೆಯಲಾಯಿತು. ಅವುಗಳಿಗೆ ಬದಲಾಗಿ ಕೊಟ್ಟ ಕೆಲವನ್ನು ಬೆಸುಗೆಯ ದೋಷಕ್ಕಾಗಿ ಮತ್ತೆ ಹಿಂದಕ್ಕೆ ಕರೆಸಬೇಕಾಯಿತು. ಚಲಿಸುವ ಭಾಗಗಳೇ ಇಲ್ಲದ ಮರದ ಆನಿಕೆಯತ್ತ ಅಲ್ಲಿನ ಹವ್ಯಾಸಿಗಳ ಗಮನ ಹೊರಳಿದುದು ಸಹಜವೇ ಆಗಿದೆ.

ಕಲ್ಲು, ಇಟ್ಟಿಗೆ, ಮರ

ನಮ್ಮಲ್ಲಿ ಲಾರಿಯ ಅಚ್ಚಿನ ಕೆಳಗೆ ಸೈಜುಗಲ್ಲನ್ನೊ ಇಟ್ಟಿಗೆಗಳನ್ನೊ ಕೊಡುವ ರೂಢಿ ಹಳೆಯದು. ಇತ್ತೀಚೆಗೆ ಟೊಳ್ಳು ಕಾಂಕ್ರೀಟು ಇಟ್ಟಿಗೆಗಳೂ ಈ ಕೆಲಸಕ್ಕೆ ಬಂದಿವೆ. ಗೋಡೆಯಲ್ಲಿ ಮಹಡಿಯನ್ನೇ ಹೊರುವ ಇಟ್ಟಿಗೆ ಒಂದು ಕಾರನ್ನು ಹೊರಲಾರದೇ ಎಂದು ಯಾರಾದರೂ ಕೇಳಿಯಾರು. ಗೋಡೆಯಲ್ಲಿ ಭಾರ ಇಟ್ಟಿಗೆಯ ಇಡೀ ಮುಖದ ಮೇಲೆ ಗಾರೆಯ ಮೂಲಕ ಸಮನಾಗಿ ಹರಡಿರುತ್ತದೆ. ಕಾರಿನ ಕೆಳಗಾದರೋ ಅದೇ ಭಾರ ಉಕ್ಕಿನ ಕಿರಿದಾದ ಅಂಚೊಂದರ ಮೂಲಕ ಇಟ್ಟಿಗೆಯ ಒಂದೇ ಗೆರೆಯ ಮೇಲೆ ಬಂದು ಬೀಳುತ್ತದೆ. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳು ಭಿದುರ ವಸ್ತುಗಳು. ಅವು ಬಾಗುವುದಿಲ್ಲ, ತಗ್ಗುವುದಿಲ್ಲ. ಕೊನೆಯ ಕ್ಷಣದವರೆಗೂ ಗಟ್ಟಿಯಾಗಿದ್ದು, ಆಮೇಲೆ ಮುನ್ಸೂಚನೆಯಿಲ್ಲದೆ ಸಿಡಿದು ಚೂರಾಗುತ್ತವೆ.

ಮರದ ಸ್ವಭಾವ ಬೇರೆ. ಮರವೆಂಬುದು ಉದ್ದಕ್ಕೆ ಜೋಡಿಸಿದ ಅಸಂಖ್ಯ ಸೂಕ್ಷ್ಮ ಕೊಳವೆಗಳ ಕಟ್ಟು. ಈ ಕೊಳವೆಗಳ ಉದ್ದಕ್ಕೆ, ಅಂದರೆ ಎಳೆಯ ನೇರಕ್ಕೆ ಒತ್ತಿದಾಗ ಅದರ ಬಲ ಅಧಿಕ; ಆದರೆ ಮಿತಿ ಮೀರಿದಾಗ ಎಳೆಗಳು ಒಂದರಿಂದೊಂದು ಬಿಟ್ಟುಕೊಂಡು ಮರ ಸೀಳುತ್ತದೆ. ಎಳೆಗೆ ಅಡ್ಡಲಾಗಿ ಒತ್ತಿದಾಗ ಬಲ ಅದರ ಕೆಲವಂಶ ಮಾತ್ರ; ಆದರೆ ಮಿತಿ ಮೀರಿದಾಗ ಕೊಳವೆಗಳು ನಿಧಾನವಾಗಿ ಚಪ್ಪಟೆಯಾಗಿ, ಮರ ಅಲ್ಲಿ ಇನ್ನಷ್ಟು ಒತ್ತಾಗುತ್ತ ಹೋಗುತ್ತದೆ. ಈ ಕ್ರಿಯೆ ನಡೆಯುವಾಗ ಮರ ಕಿರುಗುಟ್ಟುತ್ತದೆ, ಕಣ್ಣಿಗೆ ಕಾಣುವಂತೆ ತಗ್ಗುತ್ತದೆ. ಕೆಳಗಿರುವವನಿಗೆ ಹೊರಬರಲು ಸಮಯ ದೊರೆಯುತ್ತದೆ. ದುರ್ಬಲವಾದ ದಿಕ್ಕಿನಲ್ಲಿಯೇ ಮರ ಹೆಚ್ಚು ಸುರಕ್ಷಿತವಾಗಿರುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಅಡ್ಡಪೇರಿಕೆಯ ರಹಸ್ಯವೆಲ್ಲ ಇದರಲ್ಲಿಯೇ ಅಡಗಿದೆ.

ಮರದ ತುಂಡುಗಳನ್ನು ಒಂದು ವರಸೆ ಉದ್ದಕ್ಕೆ, ಅದರ ಮೇಲಿನ ವರಸೆ ಅಡ್ಡಕ್ಕೆ, ಹೀಗೆ ಪರ್ಯಾಯವಾಗಿ ಇಡುತ್ತ ಹೋಗುವುದನ್ನು ಇಲ್ಲಿ ಅಡ್ಡಪೇರಿಕೆ ಎಂದಿದ್ದೇವೆ. ಇದು ಹೊಸ ವಿಧಾನವಲ್ಲ. ಗಣಿಗಳಲ್ಲಿ ಛಾವಣಿಗೆ ಆಸರೆ ಕೊಡಲು, ರೈಲುಮಾರ್ಗಗಳಲ್ಲಿ ದುರಸ್ತಿಯ ಕಾಲದಲ್ಲಿ ಸ್ಲೀಪರುಗಳಿಂದ ತಾತ್ಕಾಲಿಕ ಕಂಬಗಳನ್ನು ಎಬ್ಬಿಸಲು ಇದೇ ಕ್ರಮವನ್ನು ಅನುಸರಿಸಿಕೊಂಡು ಬಂದಿದ್ದಾರೆ. ಕುಸಿದ ಕಟ್ಟಡಗಳಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸುವ ಅಮೆರಿಕದ ರಕ್ಷಣಾತಂಡಗಳು ಮೆದುಮರದ ಅಡ್ಡಪೇರಿಕೆಗೆ ಚದರ ಅಂಗುಲಕ್ಕೆ 500 ಪೌಂಡು, ಎಂದರೆ ಚದರ ಸೆಂ.ಮೀ.ಗೆ ಸುಮಾರು 35 ಕಿಲೋಗ್ರಾಂ ಮಿತಿಯನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತವೆ. ನಾವೂ ಈ ಅಂಕಿಯನ್ನೇ ಆಧಾರವಾಗಿ ತೆಗೆದುಕೊಳ್ಳೋಣ.

ಭಾರದ ಲೆಕ್ಕ

1200 ಕಿಲೋಗ್ರಾಂ ತೂಕದ ಕಾರೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎಂಜಿನು ಮುಂದಿರುವ ಕಾರಣ ತೂಕದ ನೂರರಲ್ಲಿ 60 ಪಾಲು, ಅಂದರೆ 720 ಕಿಲೋಗ್ರಾಂ, ಮುಂದಿನ ಚಕ್ರಗಳ ಮೇಲಿದೆಯೆನ್ನೋಣ. ಮುಂಭಾಗವನ್ನೆತ್ತಿ ಎರಡು ಆನಿಕೆಗಳ ಮೇಲೆ ಇಳಿಸಿದರೆ ಒಂದೊಂದಕ್ಕೆ 360 ಕಿಲೋಗ್ರಾಂ ಬರುವುದೆಂದು ವಿದ್ಯಾರ್ಥಿಗಳು ಕೂಡಲೇ ಹೇಳಿಯಾರು. ಇದು ಸರಿಯಲ್ಲ. ಆನಿಕೆಗಳು ನಿಲ್ಲುವುದು ಮುಂದಿನ ಚಕ್ರಗಳ ನೇರಕ್ಕಲ್ಲ, ಅವುಗಳ ಹಿಂದೆ, ಬಾಗಿಲ ಕೆಳಗಿನ ಗಟ್ಟಿಯಾದ ಭಾಗದಲ್ಲಿ. ಮುಂದಿನ ಹಿಂದಿನ ಚಕ್ರಗಳ ಅಂತರ 240 ಸೆಂ.ಮೀ. ಇದ್ದು, ಆನಿಕೆ ಮುಂದಿನ ಚಕ್ರದಿಂದ 48 ಸೆಂ.ಮೀ. ಹಿಂದಿದ್ದರೆ, ಸನ್ನೆಯ ನಿಯಮದಂತೆ 720 × 240 ÷ 192 = 900 ಕಿಲೋಗ್ರಾಂ ಆಗುವುದು. ಒಂದೊಂದು ಆನಿಕೆಯ ಪಾಲಿಗೆ 450 ಕಿಲೋಗ್ರಾಂ.

ಈಗ ಆನಿಕೆಯ ರಚನೆ. 9 ಸೆಂ.ಮೀ. ಚೌಕದ, 45 ಸೆಂ.ಮೀ. ಉದ್ದದ ತುಂಡುಗಳನ್ನು ಕತ್ತರಿಸಿಕೊಳ್ಳಬೇಕು. ಕೆಳಗಿನ ವರಸೆಯಲ್ಲಿ ಮೂರು ತುಂಡುಗಳನ್ನು ಒಂದಕ್ಕೊಂದು ತಾಗಿಸಿಟ್ಟರೆ 27 ಸೆಂ.ಮೀ. ಅಗಲದ ಘನವಾದ ಪಾದವಾಗುವುದು. ಎರಡನೆಯ ವರಸೆಯಲ್ಲಿ ಅಡ್ಡಲಾಗಿ ಎರಡು, ಮೂರನೆಯದರಲ್ಲಿ ಮತ್ತೆ ಉದ್ದಕ್ಕೆ ಎರಡು, ಮೇಲಿನ ವರಸೆಯಲ್ಲಿ ಅಡ್ಡಲಾಗಿ ಮೂರು. ಎರಡು ತುಂಡುಗಳ ವರಸೆಯಲ್ಲಿ ಅವುಗಳ ಹೊರ ಅಂಚುಗಳ ನಡುವಣ ಅಳತೆಯೂ 27 ಸೆಂ.ಮೀ. ಆಗಿರಬೇಕು. ಹೀಗೆ ಇಟ್ಟಾಗ ಪ್ರತಿಯೊಂದು ತುಂಡಿನ ಎರಡು ತುದಿಗಳೂ ಅಡ್ಡತುಂಡಿನಿಂದಾಚೆಗೆ 9 ಸೆಂ.ಮೀ. ಚಾಚಿಕೊಂಡಿರುತ್ತವೆ. ಈ ಚಾಚು ಅನಾವಶ್ಯಕವೆಂದು ಕೊಯ್ದುಹಾಕಬಾರದು. ಭಾರ ತುದಿಯಲ್ಲಿಯೇ ಬಿದ್ದರೆ ತುದಿ ಸೀಳಿ ಹೋದೀತು. ತುಂಡಿನ ದಪ್ಪದಷ್ಟಾದರೂ ಚಾಚು ಇರುವುದು ಸೀಳಿಗೆ ತಡೆ. ಒಟ್ಟು 10 ತುಂಡುಗಳು, 36 ಸೆಂ.ಮೀ. ಎತ್ತರ. ತೇಗದ ಸಾಂದ್ರತೆ ಘನಮೀಟರಿಗೆ ಸುಮಾರು 650 ಕಿಲೋಗ್ರಾಂ ಎಂದು ಹಿಡಿದರೆ ಆನಿಕೆಯೊಂದರ ತೂಕ 24 ಕಿಲೋಗ್ರಾಂ.

ಕಾರಿನ ಭಾರವೆಲ್ಲ ಮೇಲಿನ ವರಸೆಯ ನಡುತುಂಡಿನ ಮೇಲೆಯೇ ಬಿದ್ದಿತೆಂದು ಭಾವಿಸೋಣ. ಆ ತುಂಡು ಕೆಳಗಿನ ವರಸೆಯನ್ನು ಎರಡು ಕಡೆ ಮುಟ್ಟುತ್ತದೆ. ಒಂದೊಂದು ಸಂಧಿ 81 ಚದರ ಸೆಂ.ಮೀ., ಎರಡಕ್ಕೆ 162. ಆದುದರಿಂದ ಅಲ್ಲಿನ ಪೀಡನ, ಎಂದರೆ ಪ್ರತಿ ಚದರ ಸೆಂ.ಮೀ. ಹೊರುವ ಭಾರ, 450 ÷ 162 = 2.8 ಕಿಲೋಗ್ರಾಂ. ಇದು 35ರ ಮಿತಿಯಲ್ಲಿ ಹನ್ನೆರಡನೆಯ ಒಂದು ಪಾಲು ಮಾತ್ರ. ಅದರ ಕೆಳಗೆ ನಾಲ್ಕು ಸಂಧಿಗಳು ಭಾರವನ್ನು ಹಂಚಿಕೊಳ್ಳುವುದರಿಂದ ಪೀಡನ ಇನ್ನೂ ಅರ್ಧಕ್ಕಿಳಿಯುವುದು. ಭಾರವನ್ನು ಒಮ್ಮೆಗೇ ಬಿಟ್ಟರೆ ಪೀಡನ ಇಮ್ಮಡಿಯಾಗುವುದೆಂಬ ನಿಯಮವನ್ನು ಅನ್ವಯಿಸಿದರೂ ನಾವು ಮಿತಿಯ ಆರನೆಯ ಒಂದು ಪಾಲಿನೊಳಗೇ ಇರುತ್ತೇವೆ.

ಒಂದು ಎಡೆಯಲ್ಲಿ ಮಾತ್ರ ಮಿತಿ ಮೀರುವ ಸಂಭವವಿದೆ. ಬಾಗಿಲ ಕೆಳಗಿನ ಉಕ್ಕಿನ ಅಂಚು ಮರವನ್ನು ಮುಟ್ಟುವ ಜಾಗ 10 ಸೆಂ.ಮೀ. ಉದ್ದ, ಅರ್ಧ ಸೆಂ.ಮೀ. ದಪ್ಪವಿದ್ದರೆ, ಅಲ್ಲಿನ ಪೀಡನ ಚದರ ಸೆಂ.ಮೀ.ಗೆ 90 ಕಿಲೋಗ್ರಾಂ ಆಗುವುದು. ಅಂಚು ಮರದೊಳಕ್ಕೆ ಕಚ್ಚಿಕೊಳ್ಳುವುದು. ಇದರಿಂದ ಆನಿಕೆ ಮುರಿಯದಿದ್ದರೂ ಎಳೆಯ ನೇರಕ್ಕೆ ಕಚ್ಚಿದ ಅಂಚು ಬೆಣೆಯಂತೆ ಮರವನ್ನು ಸೀಳಬಹುದು. ಆದಕಾರಣ ಮೇಲುಗಡೆ ಗಟ್ಟಿಮರದ ಹಲಗೆಯೊಂದನ್ನು ತಿರುಪು ಮೊಳೆಗಳಿಂದ ಬಿಗಿದು, ಅದರಲ್ಲಿ ಎಳೆಗೆ ಅಡ್ಡಲಾಗಿ ಒಂದು ಗಾಡಿ ಕೊರೆಯಬೇಕು. ಅಂಚು ಈ ಗಾಡಿಯೊಳಗೆ ಇಳಿದು, ಅದರ ಎರಡು ಪಕ್ಕದ ಅಗಲವಾದ ತಳ ಹಲಗೆಯ ಮೇಲೆ ಕುಳಿತರೆ ಪೀಡನವೂ ತಗ್ಗುವುದು, ಪಕ್ಕಕ್ಕೆ ಜಾರುವುದೂ ತಪ್ಪುವುದು.

ಸ್ಥಿರತೆಯ ಲೆಕ್ಕ

ಇಷ್ಟನ್ನು ಕಂಡ ವಾಚಕರು, ಇಷ್ಟೊಂದು ಮರ ಏಕೆ, 9 ಸೆಂ.ಮೀ. ಚೌಕದ ಒಂದೇ ತುಂಡನ್ನು 36 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ನೆಟ್ಟಗೆ ನಿಲ್ಲಿಸಿದರೆ ಸಾಲದೇ ಎಂದು ಕೇಳಬಹುದು. ಬಲವನ್ನಷ್ಟೇ ನೋಡಿದರೆ ಧಾರಾಳವಾಗಿ ಸಾಕು. ಭಾರ ಎಳೆಯ ನೇರಕ್ಕಿದೆ. ಪೀಡನ 450 ÷ 81, ಎಂದರೆ 5.6 ಕಿಲೋಗ್ರಾಂ. ಯಾವ ಸಾಧಾರಣ ಮರವೂ ಇದನ್ನು ಲೆಕ್ಕಿಸದು. ಆದರೂ ಇಂತಹ ಮೋಟುಗಂಬದ ಮೇಲೆ ಕಾರನ್ನು ನಿಲ್ಲಿಸಿ ಕೆಳಗೆ ಹೋಗುವವನು ಪ್ರಾಣವನ್ನು ಪಣವಿಟ್ಟಂತೆಯೇ ಸರಿ.

ಕಾರಣ ಇಷ್ಟೆ: ಕಂಬದ ತಲೆಯನ್ನು ಅಡ್ಡಲಾಗಿ ತಳ್ಳಿದಾಗ ಅದು ತನ್ನ ಪಾದದ ಅಂಚಿನ ಮೇಲೆ ತಿರುಗಿ ಉರುಳಲು ನೋಡುತ್ತದೆ. ಅದನ್ನು ತಡೆಯುವುದು ಮೇಲಿನ ಭಾರ. ಅದು ಅಂಚಿನಿಂದ ಪಾದದ ಅರ್ಧ ಅಗಲದಷ್ಟು ಒಳಗಿದೆ. ಮೋಟುಗಂಬದಲ್ಲಿ ಈ ಅರ್ಧ ಅಗಲ 4.5 ಸೆಂ.ಮೀ. ಆದುದರಿಂದ ಉರುಳಿಸಲು ಬೇಕಾದ ಬಲ 450 × 4.5 ÷ 36 = 56 ಕಿಲೋಗ್ರಾಂ. ಅಡ್ಡಪೇರಿಕೆಯಲ್ಲಿ ಅರ್ಧ ಅಗಲ 13.5 ಸೆಂ.ಮೀ.; ಬೇಕಾದ ಬಲ 169 ಕಿಲೋಗ್ರಾಂ. ಬಿಗಿದು ಕುಳಿತ ನಟ್ಟೊಂದನ್ನು ಬಿಚ್ಚಲು ಉದ್ದನೆಯ ಸ್ಪ್ಯಾನರನ್ನು ಹಿಡಿದು ಕಾಲೂರಿ ಜಗ್ಗುವ ವಯಸ್ಕನೊಬ್ಬ 56 ಕಿಲೋಗ್ರಾಂ ಬಲವನ್ನು ಸುಲಭವಾಗಿ ಹಾಕಬಲ್ಲನು. ಇದರ ಒಂದಂಶವನ್ನು ಹಿಂದಿನ ಚಕ್ರಗಳು ಹೊತ್ತರೂ ಉಳಿಯುವ ಅಂತರ ತೀರ ಕಡಿಮೆ.

ನೆಲ ಇಳಿಜಾರಾಗಿದ್ದರಂತೂ ಯಾರೂ ಜಗ್ಗಬೇಕಾಗಿಯೇ ಇಲ್ಲ. ಹತ್ತು ಅಡಿಗೆ ಒಂದು ಅಡಿ ಇಳಿಯುವ ಅಂಗಳದಲ್ಲಿ, ಚಕ್ರಗಳು ಉರುಳಲು ಬಿಟ್ಟಿದ್ದರೆ, ವಾಹನದ ತೂಕದ ಹತ್ತನೆಯ ಒಂದು ಪಾಲು ಅದನ್ನು ಸದಾಕಾಲ ಇಳಿಜಾರಿನ ಕಡೆಗೆ ಎಳೆಯುತ್ತಿರುತ್ತದೆ. ಒಂದೊಂದು ಆನಿಕೆ ತಾನು ಹೊತ್ತ 450 ಕಿಲೋಗ್ರಾಮಿನ ಪಾಲಿಗೇ 45 ಕಿಲೋಗ್ರಾಂ ಎಳೆತವನ್ನು ಎದುರಿಸಬೇಕಾಗುವುದು. ಮೋಟುಗಂಬ ಆಗಲೇ ಉರುಳುವ ಅಂಚಿಗೆ ಬಂದಿದೆ. ಇದು ಮರದ ದೌರ್ಬಲ್ಯವಲ್ಲ. ಅದೇ ಅಳತೆಯ ಉಕ್ಕಿನ ಕಂಬವಾಗಿದ್ದರೂ ಇಷ್ಟೇ ಬಲಕ್ಕೆ ಉರುಳುತ್ತಿತ್ತು.

ಉರುಳುವುದಕ್ಕೆ ಮುಂಚೆಯೇ ಜಾರುವುದೂ ಉಂಟು. ಮರದ ಮೇಲೆ ಮರದ ಘರ್ಷಣಾಂಕ 0.3 ಎಂದು ಹಿಡಿದರೆ, 135 ಕಿಲೋಗ್ರಾಂ ಬಲಕ್ಕೆ ಒಂದು ವರಸೆ ಇನ್ನೊಂದರ ಮೇಲೆ ಸರಿಯಲಾರಂಭಿಸುತ್ತದೆ. ವರಸೆಗಳನ್ನು ಒಂದಕ್ಕೊಂದು ಬಿಗಿಯುವುದು ಇದಕ್ಕಾಗಿಯೇ. ತಿರುಪು ಮೊಳೆಗಳು ಭಾರವನ್ನು ಹೊರುವುದಿಲ್ಲ, ತುಂಡುಗಳು ಸ್ಥಾನಪಲ್ಲಟವಾಗದಂತೆ ನೋಡಿಕೊಳ್ಳುತ್ತವೆ. ಭಾರವನ್ನು ಮೊಳೆಯ ಮೇಲೆ ಹಾಕುವ ಯಾವ ರಚನೆಯನ್ನೂ, ಉದಾಹರಣೆಗೆ ಎರಡು ಕಾಲುಗಳ ಪಕ್ಕಕ್ಕೆ ಅಡ್ಡಪಟ್ಟಿಯನ್ನು ಹೊಡೆದು ಅದರ ಮೇಲೆ ಕಾರನ್ನಿಡುವುದನ್ನು, ನಾವು ಒಪ್ಪಲಾರೆವು.

ರಕ್ಷಣಾತಂಡಗಳು ಅಡ್ಡಪೇರಿಕೆಯ ಎತ್ತರ ಅದರ ಅಗಲದ ಮೂರರಷ್ಟನ್ನು ಮೀರಬಾರದೆಂದು ನಿಯಮಿಸಿಕೊಂಡಿವೆ. ಅವರದು ನುರಿತವರ ಕೆಲಸ. ಮನೆಯಲ್ಲಿ ಕಟ್ಟುವ ಆನಿಕೆಯ ಎತ್ತರ ಅಗಲದ ಒಂದೂವರೆಯಷ್ಟನ್ನು ದಾಟದಿರುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಇನ್ನೂ ಎತ್ತರ ಬೇಕಾದಲ್ಲಿ ತುಂಡುಗಳ ಉದ್ದವನ್ನೂ ಹೆಚ್ಚಿಸಿಕೊಳ್ಳತಕ್ಕದ್ದು.

ಮರದ ಆಯ್ಕೆ ಮತ್ತು ಕೆಲಸ

ತೇಗ ಒಣಗಿದ ಮೇಲೆ ಸೊಟ್ಟಗಾಗದು, ಗೆದ್ದಲನ್ನೂ ತಡೆಯುವುದು. ಆದರೆ ಬೆಲೆ ಹೆಚ್ಚು. ಮತ್ತಿ, ಹೊನ್ನೆಗಳು ಗಟ್ಟಿಯಾದ ಮರಗಳು. ಹಳೆಯ ಮನೆಯ ತೊಲೆ ದೊರೆತರೆ ಬಹಳ ಒಳ್ಳೆಯದು. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್, ಪೆಟ್ಟಿಗೆಗಳಿಗೆ ಬಳಸುವ ಪೈನ್ ಮರಗಳೂ ಮೇಲಿನ ಲೆಕ್ಕದ ಪ್ರಕಾರ ಸಾಕಾಗುತ್ತವೆ. ನೀಲಗಿರಿ ಒಣಗುವಾಗ ಸೀಳುವ, ತಿರುಚುವ ಸ್ವಭಾವದ್ದಾದುದರಿಂದ ಹಸಿಯದನ್ನು ಬಳಸಬಾರದು. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು; ದೊಡ್ಡ ಗಂಟು, ಉದ್ದನೆಯ ಬಿರುಕು, ಹುಳುಕು ಇರಬಾರದು.

ತುಂಡುಗಳೆಲ್ಲ ಒಂದೇ ದಪ್ಪಕ್ಕೆ ಬರುವಂತೆ ಕೀಸಬೇಕು. ಒಂದು ತುಂಡು ಎರಡು ಮಿಲಿಮೀಟರ್ ತೆಳ್ಳಗಿದ್ದರೂ ಭಾರವೆಲ್ಲ ಉಳಿದ ಸಂಧಿಗಳ ಮೇಲೆ ಬಿದ್ದು ಆನಿಕೆ ಅಲುಗಾಡುವುದು. ತಿರುಪು ಮೊಳೆ ಹಾಕುವ ಮೊದಲು ಬೈರಿಗೆಯಿಂದ ತೂತು ಕೊರೆಯದಿದ್ದರೆ ಗಟ್ಟಿಮರ ಸೀಳುವುದು. ಕಟ್ಟಿ ಮುಗಿದ ಆನಿಕೆಯನ್ನು ಸಮನಾದ ನೆಲದ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒತ್ತಿ ನೋಡಬೇಕು. ಕುಂಟಿದರೆ ತಳವನ್ನು ಮತ್ತೆ ಕೀಸಬೇಕು. ಬಣ್ಣ ಬಳಿಯದಿರುವುದು ಮೇಲು. ಬಣ್ಣ ಬಿರುಕುಗಳನ್ನು ಮರೆಮಾಡುವುದಲ್ಲದೆ ಮೇಲ್ಮೈಯನ್ನು ಜಾರಿಕೆಯಾಗಿಸುವುದು. ಎಣ್ಣೆ ಚೆಲ್ಲಿದರೆ ಕೂಡಲೇ ಒರೆಸಬೇಕು.

ಬಳಕೆಯ ಕ್ರಮ

ನೆಲ ಗಟ್ಟಿಯಾಗಿ ಸಮತಟ್ಟಾಗಿರಬೇಕು. ನೆಲದ ಮೇಲೆ ಉಳಿಯುವ ಚಕ್ರಗಳ ಮುಂದೆಯೂ ಹಿಂದೆಯೂ ಮರದ ಬೆಣೆಗಳನ್ನು ಕೊಡಬೇಕು. ತೇರಿನ ಗಾಲಿಗೆ ಮರದ ಬೆಣೆಯನ್ನು ಕೊಟ್ಟು ಅಷ್ಟು ದೊಡ್ಡ ರಥವನ್ನು ತಡೆಯುವುದನ್ನು ಕಂಡವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಕೈಬ್ರೇಕನ್ನೇ ನಂಬಿ ಬೆಣೆಯನ್ನು ಬಿಡಬಾರದು. ಬಹುಪಾಲು ಕಾರುಗಳಲ್ಲಿ ಕೈಬ್ರೇಕು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗವನ್ನೇ ಎತ್ತಿದಾಗ ಅದರಿಂದ ಏನೂ ಪ್ರಯೋಜನವಿಲ್ಲ.

ತಯಾರಕರು ಸೂಚಿಸಿದ ಬಿಂದುವಿನಲ್ಲಿ ಜಾಕನ್ನು ಕೊಟ್ಟು ಎತ್ತಿ, ಎರಡೂ ಪಕ್ಕಗಳಲ್ಲಿ ಆನಿಕೆಗಳನ್ನಿಟ್ಟು, ವಾಹನವನ್ನು ಅವುಗಳ ಮೇಲೆ ನಿಧಾನವಾಗಿ ಇಳಿಸಬೇಕು. ಆಮೇಲೆ, ಯಾರೂ ಕೆಳಗೆ ಹೋಗುವ ಮುನ್ನ, ವಾಹನವನ್ನು ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಬೇಕು. ಬೀಳುವುದಿದ್ದರೆ ಅದು ಆಗಲೇ ಬೀಳಲಿ. ಕಳಚಿದ ಚಕ್ರವನ್ನು ದೂರಕ್ಕೆ ಉರುಳಿಸದೆ ಕಾರಿನ ಅಂಚಿನ ಕೆಳಗೆ ಮಲಗಿಸಿಡುವುದು ಎರಡನೆಯ ರಕ್ಷೆ. ಜಾಕನ್ನು ಮೆಲ್ಲನೆ ತಾಗಿಸಿ ಬಿಡುವುದು ಮೂರನೆಯದು. ಚಕ್ರಗಳನ್ನು ಕಳಚಬೇಕಾಗಿಲ್ಲದ ಕೆಲಸಗಳಿಗೆ, ಉದಾಹರಣೆಗೆ ಎಂಜಿನಿನ ಎಣ್ಣೆ ಬದಲಾಯಿಸಲು, ಆನಿಕೆಯನ್ನು ಚಕ್ರದ ಕೆಳಗೇ ಇಡುವುದು ಉತ್ತಮ. ಟೈರು ಅಗಲವಾಗಿ ಕುಳಿತು ಭಾರವನ್ನು ಹರಡುವುದು. ಉಕ್ಕಿನ ಅಂಚು ಕಚ್ಚುವ ಪ್ರಶ್ನೆಯೇ ಏಳದು.

ಅಧ್ಯಾಪಕರಿಗೆ ಒಂದು ಸೂಚನೆ

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯಲ್ಲಿರುವ ಸಂಪೀಡನ ಯಂತ್ರದಲ್ಲಿ ಮೂರು ಸಣ್ಣ ತುಂಡುಗಳನ್ನು ಒಂದಾದ ಮೇಲೊಂದರಂತೆ, ಕಾಪಿನ ತೆರೆಯ ಹಿಂದೆ, ವಿದ್ಯಾರ್ಥಿಗಳ ಮುಂದೆ ಒತ್ತಿ ತೋರಿಸಬಹುದು: ಒಂದು ಇಟ್ಟಿಗೆ, ಎಳೆ ನೆಟ್ಟಗಿರುವ ಮರ, ಎಳೆ ಅಡ್ಡಲಾಗಿರುವ ಮರ. ಮೂರರ ಅಂತಿಮ ಬಲವನ್ನು ಬರೆದುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಅದರ ಜೊತೆಗೆ ಮೊದಲ ಸದ್ದು ಕೇಳಿಸಿದಾಗಿನ ಭಾರವನ್ನೂ, ಆಮೇಲೆ ಪೂರ್ತಿ ಕೈಕೊಡುವವರೆಗೆ ಕಳೆದ ಸಮಯವನ್ನೂ ಬರೆದುಕೊಳ್ಳುವಂತೆ ಹೇಳಿದರೆ, ಸಾಮರ್ಥ್ಯಕ್ಕೂ ಸುರಕ್ಷಿತತೆಗೂ ಇರುವ ವ್ಯತ್ಯಾಸ ಅವರಿಗೆ ತಾನಾಗಿಯೇ ಮನದಟ್ಟಾಗುವುದು.

ಉಪಸಂಹಾರ

ಆನಿಕೆ ಎಷ್ಟು ಟನ್ ಹೊರುತ್ತದೆ ಎಂಬುದೇ ಸಾಮಾನ್ಯವಾಗಿ ಎಲ್ಲರೂ ಕೇಳುವ ಪ್ರಶ್ನೆ. ಹೊರುವ ಶಕ್ತಿ ಬೇಕಾದುದಕ್ಕಿಂತ ಹತ್ತುಪಟ್ಟು ಹೆಚ್ಚು ಇರುವಂತೆ ಮಾಡುವುದು ಕಷ್ಟವಲ್ಲವೆಂದು ಮೇಲಿನ ಲೆಕ್ಕದಿಂದ ತಿಳಿಯುತ್ತದೆ. ಅಪಾಯವಿರುವುದು ಪಾದದ ಅಗಲದಲ್ಲಿ, ನೆಲದ ಇಳಿಜಾರಿನಲ್ಲಿ, ಬೆಣೆಯಿಲ್ಲದ ಚಕ್ರದಲ್ಲಿ, ಸದ್ದಿಲ್ಲದೆ ಸಿಡಿಯುವ ಇಟ್ಟಿಗೆಯಲ್ಲಿ. ನಮ್ಮ ವಿದ್ಯಾರ್ಥಿಗಳು ಪದವಿಯನ್ನು ಪಡೆದು ಹೊರಟ ಮೇಲೆ ಸಮೀಕರಣಗಳನ್ನು ಮರೆಯಬಹುದು. ಆದರೆ ರಸ್ತೆಯ ಬದಿಯಲ್ಲಿ ಬರಿಯ ಜಾಕಿನ ಮೇಲೆ ನಿಂತ ಕಾರೊಂದರ ಕೆಳಗಿನಿಂದ ಎರಡು ಕಾಲುಗಳು ಹೊರಚಾಚಿರುವುದನ್ನು ಕಂಡಾಗ, ನಿಂತು, ಆ ಮನುಷ್ಯನನ್ನು ಹೊರಗೆ ಕರೆದು, ಎರಡು ಮರದ ತುಂಡುಗಳನ್ನು ಹುಡುಕಿಕೊಡುವಷ್ಟು ಅರಿವು ಅವರಲ್ಲಿ ಉಳಿದರೆ ನಮ್ಮ ಬೋಧನೆ ಸಾರ್ಥಕವಾದಂತೆ.